ಮಳೆ, ಸಾಕು

ಜುಲೈ 17, 2025, ಗುರುವಾರ
ಶಿವಮೊಗ್ಗ, ರಾತ್ರಿ

ಪುನರ್ವಸು ಮಳೆ ಬಿಡುತ್ತಲೇ ಇಲ್ಲ. ಬೆಳಿಗ್ಗೆಯಿಂದ ಸಿಕ್ಕವರೆಲ್ಲ ಕೇಳಿದ್ದು ಒಂದೇ, ಹೊಳೆಯಲ್ಲಿ ಮಂಟಪ ಮುಳುಗಿತಾ ಅಂತ. ಕೋರ್ಪಲಯ್ಯನ ಛತ್ರದ ಕಡೆ ಹೋಗಿ ನೋಡಲು ನನಗೆ ಪುರುಸೊತ್ತೇ ಆಗಲಿಲ್ಲ.

ನನ್ನ ಹತ್ತಿರ ಮಾತು ಕಲಿಯಲು ಬರುವ ಪುಟ್ಟ ಈ ಮಳೆಯಲ್ಲಿ ಮಂಡಗದ್ದೆಯಿಂದ ಬರಲಿಕ್ಕಿಲ್ಲ ಅಂದುಕೊಂಡಿದ್ದೆ. ಹನ್ನೊಂದಕ್ಕೆ ಬಂದೇ ಬಿಟ್ಟ, ಅಜ್ಜಿ ಜೊತೆ. ತೋಟಕ್ಕೆ ಕೊಳೆ ಔಷಧಿ ಹೊಡೆಯಬೇಕು, ಮಳೆ ಸ್ವಲ್ಪ ಹೊಳವಾದರೆ ಆಯ್ತು ಅಂತ ಅವನಮ್ಮ ಮನೆಯಲ್ಲೇ ಕಾಯುತ್ತಿದ್ದಾರಂತೆ. ಅಜ್ಜಿಯ ಸೆರಗೆಲ್ಲ ಒದ್ದೆ. ಚಿತ್ರ ಒತ್ತಿದರೆ ಪುಟ್ಟನ ಬದಲು ಮಾತಾಡುವ ಟ್ಯಾಬ್ ಮಾತ್ರ ಎರಡು ಪ್ಲಾಸ್ಟಿಕ್ ಕವರಿನೊಳಗೆ ಬೆಚ್ಚಗಿತ್ತು.

ಪುಟ್ಟ ಕಿಟಕಿ ಹತ್ತಿರ ಕೂತ. ಟ್ಯಾಬ್ ಮುಟ್ಟಿದ. ಬೆರಳು ಒದ್ದೆಯಾಗಿದ್ದಕ್ಕೆ ಏನೂ ಬರಲಿಲ್ಲ. ಅಂಗಿಗೆ ಬೆರಳು ಒರೆಸಿಕೊಂಡು ಮತ್ತೆ ಮುಟ್ಟಿದ.

'ಮಳೆ.'

ನಾನು ಎಂದಿನಂತೆ, "ಮಳೆ ಬೇಕಾ ಪುಟ್ಟಾ? ಹೊರಗೆ ಹೋಗಬೇಕಾ?" ಅಂದೆ. ಅವನು ನನ್ನ ಕಡೆ ನೋಡಲೇ ಇಲ್ಲ. ಮತ್ತೆ ಒತ್ತಿದ. 'ಮಳೆ. ಮಳೆ.' ಸುಮ್ನೆ ಆಡುತ್ತಿದ್ದಾನೆ ಅಂದುಕೊಂಡು ಪಜಲ್ ಡಬ್ಬಿ ತೆಗೆಯಲು ಎದ್ದೆ. ಆಗ ಅಜ್ಜಿ ತಲೆ ಒರೆಸಿಕೊಳ್ಳುತ್ತಾ ಹೇಳಿದರು, "ಹೌದು ಮಗಾ, ಎಂಥಾ ಮಳೆ ಅಲ್ವಾ! ಬಸ್ಸಲ್ಲೂ ಸೋರ್ತಿತ್ತು."

ಅವನು ತಿರುಗಿ ಅಜ್ಜಿಯನ್ನು ನೋಡಿದ. ಬೆರಳು ಪರದೆ ಮೇಲೆ ಹುಡುಕುತ್ತಾ ಹೋಯಿತು. ನಾನು ಕೈ ಹಿಡಿದು ತೋರಿಸಲಿಲ್ಲ. ಸುಮ್ಮನೆ ಕಾದೆ.

'ಮಳೆ. ಸಾಕು.'

ಅಜ್ಜಿ ನಕ್ಕುಬಿಟ್ಟರು. "ಸಾಕು ಮಾರಾಯ, ನಂಗೂ ಸಾಕಾಗಿದೆ."

ನಂಗೆ ಕಣ್ಣು ತುಂಬಿತು. 'ಸಾಕು' ಅವನಿಗೆ ಗೊತ್ತಿದ್ದದ್ದು ಊಟದ ತಟ್ಟೆ ಮುಂದೆ ಮಾತ್ರ. ನಾವು ಮಾತಾಡುವಾಗ ನಾವೂ ಅದೇ ಬಟನ್ ಒತ್ತಿ ತೋರಿಸಬೇಕು ಅಂತ ಹೇಳಿಕೊಟ್ಟಿದ್ದೆ. ಅಜ್ಜಿ ದಿನಾ ಅನ್ನ ಬಡಿಸುವಾಗ ತಪ್ಪದೇ 'ಸಾಕು' ಒತ್ತುತ್ತಿದ್ದರು. ತಟ್ಟೆಯ ಆ ಮಾತನ್ನು ಇವತ್ತು ಅವನೇ ಆಕಾಶಕ್ಕೆ ಹೇಳಿದ.

ಎಂಟು ತಿಂಗಳು ನಾನು ಕಲಿಸಿದ್ದು ಜಾಸ್ತಿ 'ಬೇಕು'. ಚಕ್ಕುಲಿ ಬೇಕು, ಉಯ್ಯಾಲೆ ಬೇಕು. ಅದನ್ನು ಕಲಿಸುವುದು ಸುಲಭ, ಒತ್ತಿದರೆ ಕೈಗೆ ಏನೋ ಸಿಗುತ್ತದೆ. ಆದರೆ ನಾವು ದಿನವಿಡೀ ಮಾತಾಡುವುದು ಏನಾದರೂ ಬೇಕು ಅಂತಲಾ? ಮಂಟಪ ಮುಳುಗಿತಾ ಅಂತ ಕೇಳಿದವರಿಗೆ ಏನು ಸಿಕ್ಕಿತು? ಪುಟ್ಟನೂ ಅಂಥದೇ ಒಂದು ಮಾತು ಶುರುಮಾಡಿದ್ದ. ಅದಕ್ಕೆ ಸರಿಯಾದ ಉತ್ತರ ಕೊಟ್ಟದ್ದು ಅಜ್ಜಿ. ನಾನು ಪಜಲ್ ಡಬ್ಬಿ ಹುಡುಕುತ್ತಿದ್ದೆ.

ಸಂಜೆ ಅವನಮ್ಮ ಫೋನ್ ಮಾಡಿದರು. ಅಜ್ಜಿ ಎಲ್ಲ ಹೇಳಿದ್ದರು, ಖುಷಿಯಾಗಿದ್ದರು. ಆಮೇಲೆ ದನಿ ಸಣ್ಣದಾಯಿತು. "ಮೇಡಂ, ಇದೇ ಮಾತಾಡಿಬಿಟ್ಟರೆ ಅವನ ಬಾಯಿಗೆ ಮಾತು ಬರಲ್ಲ ಅಂತಾರೆ ನೆಂಟರು." ಈ ಭಯ ಇಲ್ಲದ ತಾಯಿಯನ್ನು ನಾನು ನೋಡಿಲ್ಲ. 2014ರಲ್ಲಿ ಬಂದ ಅಮೆರಿಕದ ಅಧ್ಯಯನದ ಬಗ್ಗೆ ಹೇಳಿದೆ. ಮಾತು ತುಂಬಾ ಕಡಿಮೆ ಇದ್ದ, 5ರಿಂದ 8 ವರ್ಷದ 61 ಮಕ್ಕಳು. ಆಟದ ಜೊತೆ ಶುರುವಿನಿಂದಲೇ ಇಂಥ ಮಾತಾಡುವ ಸಾಧನ ಸಿಕ್ಕ ಮಕ್ಕಳು ತಾವಾಗಿಯೇ ಮಾತಾಡುವುದು ಉಳಿದವರಿಗಿಂತ ಜಾಸ್ತಿಯಾಯಿತು. ಪುಟ್ಟ ಇವತ್ತು ಹೇಳಿದಂಥ, ಏನೂ ಕೇಳದ ಮಾತುಗಳೂ ಜಾಸ್ತಿಯಾದವು. ಬಾಯಿಂದ ಬಂದರೂ ಬರಲಿ, ಬೆರಳಿಂದ ಬಂದರೂ ಬರಲಿ, ಎರಡಕ್ಕೂ ಉತ್ತರ ಕೊಡಿ ಅನ್ನುತ್ತಿದ್ದೆ, ಲೈನ್ ಕಟ್ಟಾಯಿತು.

ಈಗ ಅವನಿಗೆ 'ಹೊಳವು' ಅನ್ನುವ ಮಾತು ಕೊಡಬೇಕು ಅನ್ನಿಸುತ್ತಿದೆ. ಟ್ಯಾಬಿನ ಪರದೆಯಲ್ಲಿ 'ಮಳೆ' ಪಕ್ಕ ಒಂದು ಖಾಲಿ ಚೌಕ ಇದೆ. ಬೇರೆ ಯಾವ ಚಿತ್ರವನ್ನೂ ಜರುಗಿಸಬಾರದು, ಅವನ ಬೆರಳು ಜಾಗ ಕಲಿತಿದೆ. ಆದರೆ ಹೊಳವಿಗೆ ಯಾವ ಚಿತ್ರ? ಸೂರ್ಯ ಹಾಕಿದರೆ ಸುಳ್ಳಾಗುತ್ತದೆ, ಹೊಳವು ಬಿಸಿಲಲ್ಲ, ಮಳೆ ಸ್ವಲ್ಪ ಬಿಟ್ಟ ಹೊತ್ತು ಅಷ್ಟೇ. ಅವರ ಮನೆ ಅಂಗಳದ್ದೇ ಫೋಟೋ ಆದರೆ ಸರಿ. ಮಳೆ ನಿಂತಾಗ ಒಂದು ತೆಗೆದು ಕಳಿಸಿ ಅಂತ ಅವನಮ್ಮನಿಗೆ ಮೆಸೇಜ್ ಹಾಕಿದೆ. ಇನ್ನೂ ಒಂದೇ ಟಿಕ್. ಕರೆಂಟ್ ಹೋಗಿರಬೇಕು.

ಟ್ಯಾಬಿನಲ್ಲಿ ಚಾರ್ಜ್ ಎಷ್ಟಿತ್ತು? ಹೊರಡುವಾಗ ನೋಡಲೇ ಇಲ್ಲ ನಾನು. ಲ್ಯಾಮಿನೇಟ್ ಮಾಡಿದ ಚಿತ್ರದ ಹಾಳೆ ಅಜ್ಜಿ ಚೀಲದಲ್ಲಿದೆ, ಕರೆಂಟ್ ಇಲ್ಲದ ದಿನಕ್ಕೆ ಅಂತಲೇ ಕೊಟ್ಟದ್ದು. ಅದರಲ್ಲಿ 'ಬೇಕು' ಇದೆ, 'ಸಾಕು' ಇದೆ. 'ಮಳೆ' ಹಾಕಿದ್ದೆನಾ…