ಕ್ಯಾಪ್ ಮೊದಲೋ, ಕ್ಲಿಪ್ ಮೊದಲೋ?

"ಮುಂದಿನ ತಿಂಗಳು ಮದುವಿ ಐತ್ರಿ ಡಾಕ್ಟ್ರೇ, ಮುಂದಿನ ಹಲ್ಲಿಗೆ ಕ್ಯಾಪ್ ಹಾಕಿಬಿಡ್ರಿ. ಕ್ಲಿಪ್ ಆಮ್ಯಾಲೆ ನೋಡೋಣು." ರಾಯಚೂರು, ಸಿಂಧನೂರು, ಗಂಗಾವತಿ ಕಡೆ ಹಲ್ಲಿನ ಕ್ಲಿನಿಕ್ ನಡೆಸುವವರಿಗೆ ಈ ಮಾತು ಹೊಸದಲ್ಲ. ಒಪ್ಪಿ ಹಾಕಿದರೆ ಆ ಕ್ಯಾಪ್ ಓರೆ ಹಲ್ಲಿನ ಇವತ್ತಿನ ಜಾಗಕ್ಕೆ ಅಳತೆಯಾಗಿರುತ್ತದೆ. ಹಲ್ಲು ಸರಿದ ಮೇಲೆ ಅದರ ಅಂಚು ವಸಡಿನ ಹೊರಗೆ ಕಾಣಬಹುದು, ಎದುರು ಹಲ್ಲಿಗೆ ಕೂಡದೆ ಹೋಗಬಹುದು. ಕೊನೆಗೆ ಕ್ಯಾಪ್ ಕೊಯ್ದು ತೆಗೆದು ಮತ್ತೊಮ್ಮೆ ಹಲ್ಲು ಸವೆಸಬೇಕು. ಕ್ಯಾಪಿನ ಮೇಲೆ ಬ್ರಾಕೆಟ್ (ಓರೆ ಹಲ್ಲು ಸರಿಸುವ ಕ್ಲಿಪ್‌ನ ತಂತಿ ಹಿಡಿಯುವ ಪುಟ್ಟ ತುಂಡು) ಅಂಟಿಸುವುದೂ ಕಷ್ಟ: ಗಾಜಿನಂಶವಿರುವ ಸೆರಾಮಿಕ್‌ಗೆ ಹೈಡ್ರೋಫ್ಲೋರಿಕ್ ಆಮ್ಲ, ಅಂಟು ಹಿಡಿಸುವ ಸೈಲೇನ್ ದ್ರವ ಬೇಕು, ಜಿರ್ಕೋನಿಯಾಕ್ಕೆ ಆ ಆಮ್ಲ ನಾಟುವುದಿಲ್ಲ, ಅಲ್ಯುಮಿನಾ ಪುಡಿ ಊದಿ ಎಂಡಿಪಿ ಇರುವ, ಅಂಟು ಹಿಡಿಸುವ ಪ್ರೈಮರ್ ಹಚ್ಚಬೇಕು. ಬಿಚ್ಚುವಾಗ ಸೆರಾಮಿಕ್ ಚಕ್ಕೆ ಏಳುವ ಭಯ ಇದ್ದೇ ಇದೆ. ಮದುವೆಗೆ ಹಲ್ಲಿನ ಬಣ್ಣದ ಕಾಂಪೊಸಿಟ್ ತುಂಬಿದರೆ ಸಾಕು. ಆಮೇಲೆ ಅದನ್ನು ಕೊರೆಯಬಹುದು, ಸೇರಿಸಬಹುದು.

ಯೋಜನೆಯನ್ನು ಕೊನೆಯಿಂದ ಹಿಂದಕ್ಕೆ ಬರೆಯಬೇಕು. ಕೊನೆಗೆ ಯಾವ ಹಲ್ಲು ಎಷ್ಟು ಅಗಲ, ಎಲ್ಲಿ ಇಂಪ್ಲಾಂಟ್ (ಎಲುಬಿಗೆ ಕೂರಿಸುವ ಕೃತಕ ಬೇರು), ಎಲ್ಲಿ ಬ್ರಿಜ್ (ಅಕ್ಕಪಕ್ಕದ ಹಲ್ಲನ್ನೇ ಕಂಬ ಮಾಡಿ ಕೂರಿಸುವ ಹಲ್ಲು) ಎಂಬುದು ಮೊದಲು. ಕ್ಲಿಪ್‌ನ ಕೆಲಸ ಆ ಜಾಗಗಳನ್ನು ಸಿದ್ಧ ಮಾಡಿಕೊಡುವುದು. ಸಣ್ಣ ಊರುಗಳಲ್ಲಿ ಕ್ಲಿಪ್ ಡಾಕ್ಟರು ತಿಂಗಳಿಗೆ ಒಂದೆರಡು ಸಲ ಬಂದು ಹೋಗುತ್ತಾರೆ, ಕ್ಯಾಪ್ ಹಾಕುವವರು ಬೇರೆ. ಹಾಗಾಗಿ ರೋಗಿಯ ಬಾಯಿಯ ಅಚ್ಚಿನ ಹಲ್ಲುಗಳನ್ನು ಕೊಯ್ದು ಮೇಣದಲ್ಲಿ ಮರುಜೋಡಿಸಿ, ಇಬ್ಬರೂ ಒಟ್ಟಿಗೆ ನೋಡಿ, ಮಿಲಿಮೀಟರ್ ಲೆಕ್ಕವನ್ನು ಒಂದೇ ಹಾಳೆಯಲ್ಲಿ ಬರೆದಿಡಬೇಕು. ಫೋನಿನ ಮಾತು ಇದಕ್ಕೆ ಸಾಲದು.

ಮೊದಲ ಹಂತ ಹುಳುಕು, ಬೇರು, ವಸಡು. ವಸಡಿನ ರೋಗ ಹತೋಟಿಗೆ ಬಾರದೆ ಹಲ್ಲು ಸರಿಸಿದರೆ ಎಲುಬು ಬೇಗ ಕರಗುತ್ತದೆ. ಗುಟ್ಕಾ, ತಂಬಾಕು ಅಗಿಯುವವರಲ್ಲಿ ಇನ್ನೂ ಎಚ್ಚರ ಬೇಕು. ಬೇರಿನವರೆಗೂ ಸ್ವಚ್ಛ ಮಾಡಿ ಮೂರು ತಿಂಗಳಾದ ಮೇಲೆ ವಸಡಿನ ಆಳ ಮತ್ತೆ ಅಳೆದು, ರಕ್ತ ಬರುವುದು ನಿಂತಿದ್ದರೆ ಮಾತ್ರ ಮುಂದಿನ ಹೆಜ್ಜೆ. ರೂಟ್ ಕೆನಾಲ್ ಆದ ಹಲ್ಲು ಬೇರೆ ಹಲ್ಲಿನಂತೆಯೇ ಸರಿಯುತ್ತದೆ. ಇಲ್ಲಿ ಆಗುವ ತಪ್ಪೇ ಬೇರೆ: "ಕ್ಯಾಪ್ ತಡ ಇದೆ" ಅಂತ ಒಳಗೂ ತಾತ್ಕಾಲಿಕ ಸಿಮೆಂಟ್ ಬಿಟ್ಟಿರುತ್ತಾರೆ. ಕ್ಲಿಪ್ ಮುಗಿಯುವ ಒಂದೂವರೆ ವರ್ಷ ಅದು ತಡೆಯುವುದಿಲ್ಲ, ಸೋರಿ ಬೇರು ಮತ್ತೆ ಕೆಡುತ್ತದೆ. ಹಲ್ಲಿನೊಳಗೆ ತುಂಬುವ ಕೋರ್ ಅವತ್ತೇ ಕಾಯಂ ಆಗಬೇಕು. ತಾತ್ಕಾಲಿಕ ಇರಬೇಕಾದದ್ದು ಮೇಲಿನ ಕ್ಯಾಪ್ ಮಾತ್ರ.

ನಮ್ಮ ಕಡೆ ಹೆಚ್ಚು ಸಿಗುವ ಕೇಸು ಕೆಳಗಿನ ಮೊದಲ ದವಡೆ ಹಲ್ಲು ಚಿಕ್ಕ ವಯಸ್ಸಿನಲ್ಲೇ ಕಿತ್ತದ್ದು. ಹಿಂದಿನ ಹಲ್ಲು ಮುಂದಕ್ಕೆ ವಾಲಿರುತ್ತದೆ, ಮೇಲಿನದು ಖಾಲಿ ಜಾಗಕ್ಕೆ ಇಳಿದಿರುತ್ತದೆ. ವಾಲಿದ ಹಲ್ಲಿಗೇ ಬ್ರಿಜ್ ಮಾಡಹೊರಟರೆ ಎರಡೂ ಕಂಬ ಸಮಾನಾಂತರ ಮಾಡಲು ಅತಿಯಾಗಿ ಸವೆಸಬೇಕು, ನರ ತೆರೆದುಕೊಳ್ಳಬಹುದು. ಮೊದಲು ಅದನ್ನು ನೆಟ್ಟಗೆ ಮಾಡಿ, ಇಳಿದದ್ದನ್ನು ಎಲುಬಿಗೆ ತಾತ್ಕಾಲಿಕವಾಗಿ ಕೂರಿಸುವ ಮಿನಿ ಸ್ಕ್ರೂ ಆಧಾರ ಹಿಡಿದು ಮೇಲೆ ತಳ್ಳಿ. ಕ್ಯಾಪಿನ ದಪ್ಪಕ್ಕೆ 1.5ರಿಂದ 2 ಮಿ.ಮೀ. ಜಾಗ ಸಿಕ್ಕಮೇಲೆ ಬ್ರಿಜ್ ಅಥವಾ ಇಂಪ್ಲಾಂಟ್. ಇಂಪ್ಲಾಂಟ್ ಎಲುಬಿಗೆ ಬೆಸೆದುಕೊಳ್ಳುತ್ತದೆ, ಕ್ಲಿಪ್‌ಗೆ ಸರಿಯುವುದಿಲ್ಲ. ಅದನ್ನು ಮೊದಲೇ ಕೂರಿಸಿದರೆ ಉಳಿದೆಲ್ಲ ಹಲ್ಲೂ ಅದರ ಸುತ್ತ ಹೊಂದಬೇಕಾಗುತ್ತದೆ.

ಮೇಲಿನ ಎರಡನೇ ಬಾಚಿಹಲ್ಲು ಹುಟ್ಟಿನಿಂದಲೇ ಇಲ್ಲದಿದ್ದರೆ ಲೆಕ್ಕ ಇನ್ನೂ ಬಿಗಿ. 3.3 ಮಿ.ಮೀ. ಇಂಪ್ಲಾಂಟ್, ಎರಡೂ ಕಡೆ ತಲಾ 1.5 ಮಿ.ಮೀ. ಎಲುಬು: ಒಟ್ಟು 6.3. ಈ ಅಂತರ ಬೇರುಗಳ ನಡುವೆಯೂ ಬೇಕು. ಕಣ್ಣಿಗೆ ಜಾಗ ಸರಿಯಾಗಿ ಕಾಣುತ್ತದೆ, ಒಳಗೆ ಬೇರುಗಳು ಒಂದರತ್ತ ಒಂದು ವಾಲಿರುತ್ತವೆ. ಬ್ರಾಕೆಟ್ ಬಿಚ್ಚುವ ಮೊದಲೇ ಎಕ್ಸ್‌ರೇ ತೆಗೆಯಬೇಕು. ಬಿಚ್ಚಿದ ಮೇಲೆ ಗೊತ್ತಾದರೆ ಮತ್ತೆ ಅಂಟಿಸುವ ಮಾತು ರೋಗಿಗೆ ಹೇಳುವುದು ಸುಲಭವಲ್ಲ. ಬೆಳವಣಿಗೆ ನಿಲ್ಲದ ಮಕ್ಕಳಲ್ಲಿ ಇಂಪ್ಲಾಂಟ್ ಬೇಡವೇ ಬೇಡ. ಪಕ್ಕದ ಹಲ್ಲುಗಳು ಇಳಿಯುತ್ತಾ ಹೋಗುತ್ತವೆ, ಅದು ಮಾತ್ರ ಮೇಲೇ ಉಳಿಯುತ್ತದೆ.

ವಸಡಿನೊಳಗೆ ಮುರಿದ ಮುಂದಿನ ಹಲ್ಲಿಗೆ ಕ್ಲಿಪ್‌ನಿಂದ ಬೇರನ್ನು, ಕೀಳದೆ, ತುಸು ಹೊರಗೆಳೆಯಬಹುದು. ಎಲುಬಿನ ಮೇಲೆ ವಸಡು ಅಂಟಿಕೊಳ್ಳಲು ಸುಮಾರು 2, ಕ್ಯಾಪ್ ಹಿಡಿಯಲು 2, ಒಟ್ಟು 4 ಮಿ.ಮೀ. ಗಟ್ಟಿ ಹಲ್ಲು ಬೇಕು. ಎಳೆದ ಮೇಲೆ ಎಲುಬಿನೊಳಗಿನ ಬೇರು ಮುಂದಿನ ಕ್ಯಾಪಿನ ಉದ್ದಕ್ಕಿಂತ ಗಿಡ್ಡವಾಗುವುದಾದರೆ ಈ ದಾರಿ ಬಿಡಿ. ನಿಧಾನ ಎಳೆದರೆ ವಸಡೂ ಎಲುಬೂ ಹಿಂಬಾಲಿಸುತ್ತವೆ; ಅದು ಬೇಡವಾದಲ್ಲಿ ಆಗಾಗ ವಸಡಿನ ನಾರು ಕೊಯ್ಯಬೇಕು. ಎಳೆದದ್ದನ್ನು ಹಿಡಿದಿಡುವ ಕಾಲ ಎಳೆದ ಕಾಲಕ್ಕಿಂತ ಕಡಿಮೆಯಾಗಬಾರದು.

ನೀರಿನ ಮಾತು ಬಿಡುವಂತಿಲ್ಲ. ಫ್ಲೋರೈಡಿಗೆ ಲೀಟರಿಗೆ 1.5 ಮಿ.ಗ್ರಾಂ. ಮೇಲ್ಮಿತಿ; ಕೊಪ್ಪಳ, ರಾಯಚೂರಿನ ಎಷ್ಟೋ ಬೋರ್‌ವೆಲ್ ಅದನ್ನು ದಾಟುತ್ತವೆ. ಆ ನೀರಿನಿಂದ ಕಂದು ಕಲೆಯಾದ ಹಲ್ಲಿನ ಮೇಲ್ಪದರ ಆಮ್ಲಕ್ಕೆ ಬಗ್ಗುವುದಿಲ್ಲ, ಬ್ರಾಕೆಟ್ ಹಿಡಿಯಲೆಂದು ಆಮ್ಲ ಹಚ್ಚುವ ಎಂದಿನ 30 ಸೆಕೆಂಡಿನ ಎಚ್ಚಿಂಗ್ ಸಾಲದೆ ಬ್ರಾಕೆಟ್ ಕಳಚುತ್ತದೆ. ಹೆಚ್ಚು ಹೊತ್ತು ಇಡಿ, ಬೇಕಾದರೆ 50 ಮೈಕ್ರಾನ್ ಅಲ್ಯುಮಿನಾ ಹಗುರಾಗಿ ಊದಿ. ಕಲೆ ಮುಚ್ಚಲು ಹಲ್ಲಿನ ಮುಂಭಾಗಕ್ಕೆ ಅಂಟಿಸುವ ತೆಳು ಪದರ, ವಿನೀರ್ ಮಾತ್ರ ಕೊನೆಗೇ.

ಗುಳೆ ಹೋಗುವ ಮನೆಯವರಿದ್ದರೆ, ನಾಟಿ ಸುಗ್ಗಿಯಲ್ಲಿ ಬರಲಾಗದಿದ್ದರೆ, ಎಳೆಯುವ ಚೈನ್, ಸ್ಪ್ರಿಂಗ್ ತೆಗೆದು ಸುಮ್ಮನಿರುವ ತಂತಿ ಕಟ್ಟಿ ಕಳಿಸಿ. ಮೂರು ತಿಂಗಳು ಯಾರೂ ನೋಡದ ಸ್ಪ್ರಿಂಗ್ ಹಲ್ಲನ್ನು ಬೇಡದ ಕಡೆಗೂ ಒಯ್ಯುತ್ತದೆ.

ಬ್ರಾಕೆಟ್ ಬಿಚ್ಚಿದ ದಿನವೇ ಸರಿದ ಹಲ್ಲನ್ನು ಹಿಡಿದಿಡುವ ರಿಟೇನರ್ ಕೊಡಬೇಕು. ಊದಿದ ವಸಡು ಇಳಿಯಲು 4ರಿಂದ 6 ವಾರ ಕಾಯದೆ ಕ್ಯಾಪಿಗೆ ಅಳತೆ ತೆಗೆಯಬೇಡಿ. ಹಲ್ಲು ಬೆಳ್ಳಗಾಗಲು ಬ್ಲೀಚ್ ಮಾಡಿದ್ದರೆ ಕಾಂಪೊಸಿಟ್‌ಗೆ ಇನ್ನೆರಡು ವಾರ. ಒಳಗುಳಿದ ಆಕ್ಸಿಜನ್ ಅಂಟನ್ನು ಗಟ್ಟಿಯಾಗಲು ಬಿಡುವುದಿಲ್ಲ. ಕ್ಯಾಪ್ ಕೂತ ಮೇಲೆ ಹಳೆಯ ರಿಟೇನರ್ ಕೂಡುವುದಿಲ್ಲ. ಅವತ್ತೇ ಹೊಸ ಅಳತೆ ತೆಗೆದು, ಅದು ಲ್ಯಾಬಿನಿಂದ ಬರುವವರೆಗೆ ಹಳೆಯದನ್ನು ಆ ಹಲ್ಲಿನ ಜಾಗದಲ್ಲಿ ಕೊರೆದು ಹಾಕಿಕೊಳ್ಳಲು ಕೊಡಿ.