ಹಳೇ ಲೇಥಿನ ಟೇಪರ್ ಕೊನೆಗೂ ಹೋಯಿತು

ನನ್ನ ಹಳೇ ಲೇಥಿನಲ್ಲಿ (ತಿರುಗುವ ಲೋಹವನ್ನು ಟೂಲಿನಿಂದ ಕಡೆಯುವ ಯಂತ್ರ) ಎರಡು ವಾರದಿಂದ ತಲೆ ತಿನ್ನುತ್ತಿದ್ದ 0.06 ಮಿ.ಮೀ. ಟೇಪರ್, ಅಂದರೆ ಕಡೆದ ಸರಳಿನ ಎರಡು ಕಡೆಯ ದಪ್ಪದ ವ್ಯತ್ಯಾಸ, ಇವತ್ತು ರಾತ್ರಿ 0.002ಕ್ಕೆ ಇಳಿದಿದೆ! ಕೈಯ ಗ್ರೀಸ್ ತೊಳೆಯುವ ಮೊದಲೇ ಬರೆದಿಡುತ್ತಿದ್ದೇನೆ.

ತುಕ್ಕು ಬಿಡಿಸಿದ್ದು, ಬಣ್ಣ, ಬೆಲ್ಟ್, ಕ್ರಾಸ್ ಸ್ಲೈಡಿನ (ಟೂಲನ್ನು ಸರಳಿನತ್ತ ಸರಿಸುವ ಭಾಗ) ಸಡಿಲ ತೆಗೆದದ್ದು ಎಲ್ಲ ನಿಮಗೆ ಗೊತ್ತಿರುವ ಕೆಲಸವೇ, ಬಿಡಿ. ಯಂತ್ರ ಓಡಿತು, ಸದ್ದೂ ಚೆನ್ನಾಗಿತ್ತು. ಚಕ್‌ಗೆ (ಸರಳನ್ನು ಹಿಡಿದು ತಿರುಗಿಸುವ ಭಾಗ) 30 ಮಿ.ಮೀ. ಸರಳು ಕಟ್ಟಿ, ಇನ್ನೊಂದು ತುದಿಗೆ ಟೇಲ್‌ಸ್ಟಾಕ್ ಆಸರೆ ಕೊಡದೆ, ನಡುಭಾಗ ತಗ್ಗಿಸಿ, 150 ಮಿ.ಮೀ. ಅಂತರದಲ್ಲಿ ಎರಡು ಬಳೆ ಉಳಿಸಿಕೊಂಡೆ. ಕ್ರಾಸ್ ಸ್ಲೈಡ್ ಮುಟ್ಟದೆ ಎರಡರ ಮೇಲೂ ಒಂದೇ ತೆಳು ಕಟ್. ಮೈಕ್ರೋಮೀಟರ್ ಹಿಡಿದರೆ ಟೇಲ್‌ಸ್ಟಾಕ್ ಕಡೆಯ ಬಳೆ 0.06 ದಪ್ಪ.

ಸರಳು ಬಾಗುತ್ತಿದೆಯೇನೋ ಅಂತ ಟೂಲನ್ನು ಅದೇ ಅಳತೆಯಲ್ಲಿ ಮೂರು ಸಲ ಸುಮ್ಮನೆ ಓಡಿಸಿದೆ. ಅಂಕಿ ಅಲ್ಲಾಡಲಿಲ್ಲ. ಎಲ್ಲವನ್ನೂ ಹೊತ್ತ ಹಳಿಗಳಿರುವ ಬೆಡ್ ಸವೆದಿದೆಯೇ? ಹಳೇ ಲೇಥ್‌ಗಳಲ್ಲಿ ಹೆಚ್ಚು ಸವೆಯುವುದು ಚಕ್ ಹತ್ತಿರ, ಅದರಲ್ಲೂ ಮುಂದಿನ ಹಳಿ. ಆಗ ಟೂಲ್ ಹೊತ್ತು ಹಳಿಯ ಮೇಲೆ ಓಡುವ ಸ್ಯಾಡಲ್ ನಮ್ಮ ಕಡೆ ವಾಲಿ ಟೂಲ್ ಹಿಂದೆ ಸರಿಯುತ್ತದೆ, ದಪ್ಪವಾಗಬೇಕಾದದ್ದು ಚಕ್ ಕಡೆಯ ಬಳೆ. ನನ್ನದು ತದ್ವಿರುದ್ಧ. ಉಳಿದದ್ದು ಚಕ್ ಹೊತ್ತಿರುವ ಹೆಡ್‌ಸ್ಟಾಕ್. ಅದನ್ನು ಬಿಚ್ಚಲು ಸ್ಪ್ಯಾನರ್ ಕೈಗೂ ಬಂದಿತ್ತು. ಆದರೆ ಬೋಲ್ಟ್‌ಗಳ ತಲೆಯ ಮೇಲಿನ ಹಳೇ ಬಣ್ಣ ಒಂದು ಕಡೆಯೂ ಬಿರುಕು ಬಿಟ್ಟಿರಲಿಲ್ಲ. ಇಷ್ಟು ವರ್ಷ ಯಾರೂ ಮುಟ್ಟದ ಜಾಗ. ಸ್ಪ್ಯಾನರ್ ಕೆಳಗಿಟ್ಟೆ. ಆ ರಾತ್ರಿ ಬಿಚ್ಚಿದ್ದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಕಥೆಯೇ ಆಗುತ್ತಿತ್ತು.

ಬೆಡ್ ತಿರುಚಿಕೊಂಡಿದೆಯೇ ಅಂತ ನೋಡಬೇಕಾದರೆ ಗಾರೆ ಕೆಲಸದ ರಸಮಟ್ಟ ಸಾಲದು. ಮೀಟರಿಗೆ 0.02 ಮಿ.ಮೀ. ತೋರಿಸುವುದನ್ನು ತರಿಸಿದೆ. ಹೇಳಿದ ದಿನಕ್ಕೆ ಬರಲಿಲ್ಲ, ಬಂದದ್ದೂ ದಂಡ. ಒಂದೇ ಜಾಗದಲ್ಲಿ ಎತ್ತಿ ಇಟ್ಟರೆ ಗುಳ್ಳೆ ಪ್ರತಿ ಸಲ ಬೇರೆ ಬೇರೆ ಗೆರೆಗೆ ನಿಲ್ಲುತ್ತಿತ್ತು: ಗಾಜಿನ ಕೊಳವೆಯೇ ಒಳಗೆ ಸಡಿಲ. ಗುಳ್ಳೆ ನಡುವಿಗೆ ಬರದಿದ್ದರೆ ನನಗೆ ಚಿಂತೆಯಿಲ್ಲ, ಮಟ್ಟವನ್ನು ತಿರುಗಿಸದೆ ಬೆಡ್ಡಿನ ಎರಡು ತುದಿ ಹೋಲಿಸಿದರೆ ಆ ದೋಷ ತಾನಾಗಿ ಕಳೆದುಹೋಗುತ್ತದೆ. ಆದರೆ ಮಾತಿಗೇ ನಿಲ್ಲದ ಮಟ್ಟವನ್ನು ಇಟ್ಟುಕೊಂಡು ಏನು ಮಾಡಲಿ? ಅಳತೆ ಉಪಕರಣ ಮಾರುವವರು ಪೆಟ್ಟಿಗೆ ಮುಚ್ಚುವ ಮೊದಲು ಒಂದು ಸಲ ಇಟ್ಟು ನೋಡಬಾರದೇ? ವಾಪಸ್ ಕಳಿಸಿದೆ.

ಹೊಳೆದದ್ದು ಡಯಲ್ ಗೇಜ್ (ತುದಿ ಕೊಂಚ ಅಲುಗಿದರೂ ಗಡಿಯಾರದಂಥ ಮುಖದ ಮುಳ್ಳಿನಲ್ಲಿ ತೋರಿಸುವ ಅಳತೆ ಉಪಕರಣ). ಬೆಂಚು ಮರದ್ದು, ಗೇಜ್ ಸ್ಟ್ಯಾಂಡಿನ ಆಯಸ್ಕಾಂತ ಹಿಡಿಯುವುದಿಲ್ಲ. ದಪ್ಪ ಕಬ್ಬಿಣದ ಪ್ಲೇಟ್ ಹಾಸಿ ಅದರ ಮೇಲೆ ಸ್ಟ್ಯಾಂಡ್ ಕೂರಿಸಿ, ಟೇಲ್‌ಸ್ಟಾಕ್ ತುದಿಯ ಮುಂದಿನ ಕಾಲಿಗೆ ಗೇಜಿನ ತುದಿ ತಾಗಿಸಿ, ಆ ಕಾಲಿನ ಬೋಲ್ಟ್ ಸಡಿಲಿಸಿದೆ. ಮುಳ್ಳು 30 ಗೆರೆ ಓಡಿತು. ಕಾಲು 0.3 ಮಿ.ಮೀ. ಮೇಲೆದ್ದಿದೆ! ಬೆಂಚಿನ ಹಲಗೆ ಅಲ್ಲಿ ತಗ್ಗಾಗಿತ್ತು, ಬೋಲ್ಟ್ ಬಿಗಿದಾಗಲೆಲ್ಲ ಎರಕದ ಬೆಡ್ ಆ ತಗ್ಗಿಗೆ ಬಗ್ಗುತ್ತಿತ್ತು.

ಲೆಕ್ಕ ಹಾಕಿ ನೋಡಿ. ಮುಂದಿನ ಕಾಲಿಗೂ ಹಿಂದಿನದಕ್ಕೂ 200 ಮಿ.ಮೀ., ಬೆಡ್ಡಿನಿಂದ ಸೆಂಟರ್ (ಸರಳು ತಿರುಗುವ ನಡುಗೆರೆ) 115 ಎತ್ತರ. ಅಂದರೆ ಆ ತುದಿಯಲ್ಲಿ ಟೂಲ್ ಸುಮಾರು 0.17 ನಮ್ಮ ಕಡೆ ಸರಿದಿದೆ. ಹೆಡ್‌ಸ್ಟಾಕ್ ಕಾಲಿನಿಂದ ಈ ಕಾಲಿಗೆ 900. ನನ್ನ ಬಳೆಗಳ ಅಂತರ ಅದರಲ್ಲಿ ಆರನೇ ಒಂದು ಪಾಲು, 0.029 ಆಯಿತು. ವ್ಯಾಸಕ್ಕೆ ಎರಡು ಪಟ್ಟು, 0.058. ಕಾಗದದ ಮೇಲೆ ಆ ಅಂಕಿ ಬಿದ್ದಾಗ ಕುರ್ಚಿಯಿಂದ ಎದ್ದೇ ಬಿಟ್ಟೆ.

ಆ ಕಾಲಿನಡಿ ಶಿಮ್ (ತೆಳು ಹಾಳೆಯ ತುಂಡು) ತುರುಕುತ್ತಾ ಬಂದೆ. (0.1 ಅಂತ ಚೀಟಿ ಅಂಟಿಸಿದ ಶಿಮ್ ಹಾಳೆ 0.13 ಇತ್ತು. ಇದೂ ಕೊಂಡದ್ದೇ. ಪ್ರತಿ ತುಂಡನ್ನೂ ಅಳೆದೇ ಹಾಕಿ.) ಬೋಲ್ಟ್ ಬಿಗಿದಾಗ ಮುಳ್ಳು ಅಲ್ಲಾಡಬಾರದು, ಗುರಿ ಅಷ್ಟೇ. 0.3 ತುಂಬಿದಾಗ ಟೇಪರ್ 0.008. ಇನ್ನೊಂದು 0.05 ತುಂಡು ಹಾಕಿ ಮತ್ತೆ ಕಟ್ ತೆಗೆದರೆ 0.002. ನನ್ನ ಮೈಕ್ರೋಮೀಟರ್ ನಂಬಿಕೆಯಿಂದ ಹೇಳಬಲ್ಲದ್ದು ಅಲ್ಲಿಗೆ ಮುಗಿಯಿತು.

ಮರ ತೇವ ಹೀರಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಹಾಗಾಗಿ ಇದು ತಾತ್ಕಾಲಿಕ. ಉಕ್ಕಿನ ಸ್ಟ್ಯಾಂಡ್ ಮಾಡಲೇಬೇಕು, ವೆಲ್ಡಿಂಗ್‌ನಲ್ಲಿ ಸೊಟ್ಟಗಾದ ಮೇಲ್ಮೈಯನ್ನು ನೇರ ಮಾಡಬೇಕು. ಅದಕ್ಕೆ ಬೇಕು ಮೂಲೆಯಲ್ಲಿ ಗೋಣಿ ಹೊದ್ದು ಕೂತಿರುವ ಕೈ ಶೇಪರ್! ಕಾಲಿನಡಿಯ ಪ್ಯಾಡುಗಳನ್ನು ಅದರಲ್ಲೇ ಹೆರೆಯುವ ಆಸೆ. ಎಷ್ಟು ನಿಧಾನವಾದರೂ ಸರಿ, ಒಂದೇ ಟೂಲ್ ಹಿಂದೆ ಮುಂದೆ ಓಡಿ ಸಪಾಟಾದ ಮುಖ ಬಿಡುವುದನ್ನು ನೋಡುವ ಸುಖವೇ ಬೇರೆ.

ಸದ್ಯಕ್ಕೆ ಅದರ ಟೂಲ್ ಹೊತ್ತು ಓಡುವ ರ‍್ಯಾಮ್ ಅರ್ಧ ದಾರಿಯಲ್ಲಿ ಕಚ್ಚಿಕೊಂಡಿದೆ. ಅದರ ಬಿಗಿ ಹೊಂದಿಸುವ ಗಿಬ್ ಸ್ಕ್ರೂಗಳಿಗೆ ಎಣ್ಣೆ ಬಿಟ್ಟು ಬಂದಿದ್ದೇನೆ. ಐದರಲ್ಲಿ ಎರಡು ಅಲ್ಲಾಡಿವೆ.