ಹತ್ತು ಶಾಲೆಗೆ ಒಬ್ಬರಾದರೂ ಮನಶ್ಶಾಸ್ತ್ರಜ್ಞರು ಬರಲಿ

ಒಂದು ಮಗು ಕ್ಲಾಸಲ್ಲಿ ಹಿಂದೆ ಬಿತ್ತು ಅಂದರೆ ಸ್ಟಾಫ್ ರೂಮಿನಲ್ಲಿ ಕಾರಣ ರೆಡಿ ಇರುತ್ತದೆ. ಸೋಮಾರಿ. ಇಲ್ಲವೇ ಮನೆಯಲ್ಲಿ ಹೇಳಿಕೊಡುವವರಿಲ್ಲ. ಅದೂ ಅಲ್ಲ ಅಂದರೆ ಮೊಬೈಲ್. ಕೊಡಗಿನ ಸಿದ್ದಾಪುರ, ಅಮ್ಮತ್ತಿ ಕಡೆಯ ಸರ್ಕಾರಿ ಶಾಲೆಗಳಲ್ಲಿ ಪಾಠ ಮಾಡಿಕೊಂಡು ಬಂದವಳು ನಾನು, ಈ ಮಾತು ಕೇಳದ ವರ್ಷವೇ ಇಲ್ಲ. ಹೇಳುವವರು ಕೆಟ್ಟವರೇನಲ್ಲ. ನಲಿ-ಕಲಿ ಕ್ಲಾಸಲ್ಲಿ ಒಂದು, ಎರಡು, ಮೂರನೇ ತರಗತಿ ಮಕ್ಕಳನ್ನು ಒಟ್ಟಿಗೆ ಕೂರಿಸಿಕೊಂಡು, ಮಧ್ಯೆ ಬಿಸಿಯೂಟದ ಲೆಕ್ಕ ಬರೆದು, ಆನ್‌ಲೈನ್ ಎಂಟ್ರಿಗೆ ನೆಟ್‌ವರ್ಕ್ ಸಿಗುವ ಜಾಗ ಹುಡುಕಿಕೊಂಡು ಗೇಟಿನ ಹತ್ತಿರ ನಿಲ್ಲುವ ಟೀಚರಿಗೆ ಒಂದೊಂದು ಮಗುವಿನ ಕಾರಣ ಹುಡುಕಲು ಪುರುಸೊತ್ತು ಎಲ್ಲಿದೆ?

ಈ ಹುಡುಕುವ ಕೆಲಸಕ್ಕೇ ಒಬ್ಬರು ಬೇಕು ಅನ್ನುವುದು ನನ್ನ ವಾದ. ಶಾಲಾ ಮನಶ್ಶಾಸ್ತ್ರಜ್ಞರು ಅಂದರೆ ನಮ್ಮಲ್ಲಿ ಜಾಸ್ತಿ ಜನರ ತಲೆಯಲ್ಲಿ ಬರುವ ಚಿತ್ರ ಬೇರೆ. ಒಂದು ರೂಮು, ಒಂದು ಟೇಬಲ್ಲು, ತಪ್ಪು ಮಾಡಿದ ಹುಡುಗನನ್ನು ಕರೆದು ಬುದ್ಧಿ ಹೇಳುವ ಒಬ್ಬ ಮೇಡಂ. ಬುದ್ಧಿ ಹೇಳಲು ನಾವೇ ಸಾಕು, ಬೇಕಾದಷ್ಟು ಹೇಳುತ್ತಿದ್ದೇವೆ, ಅಲ್ವಾ?

ಈ ಕೆಲಸ ಶುರುವಾದ ಬಗೆಯೇ ಬೇರೆ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ 1896ರಲ್ಲಿ ಲೈಟ್ನರ್ ವಿಟ್ಮರ್ ಅನ್ನುವ ಮನಶ್ಶಾಸ್ತ್ರಜ್ಞರ ಹತ್ತಿರ ಒಬ್ಬ ಟೀಚರ್ ತನ್ನ ವಿದ್ಯಾರ್ಥಿಯನ್ನು ಕರೆದುಕೊಂಡು ಹೋದರು. ಹುಡುಗನಿಗೆ ಎಷ್ಟು ಹೇಳಿಕೊಟ್ಟರೂ ಸ್ಪೆಲ್ಲಿಂಗ್ ಬರುತ್ತಿರಲಿಲ್ಲ. ವಿಟ್ಮರ್ ನೋಡಿದಾಗ ಅವನ ಕಣ್ಣಲ್ಲೂ ತೊಂದರೆ ಇತ್ತು. ಮೊದಲು ಕನ್ನಡಕ, ಆಮೇಲೆ ಪಾಠ. ಮನಶ್ಶಾಸ್ತ್ರದ ಮೊದಲ ಕ್ಲಿನಿಕ್ಕಿನ ಮೊದಲ ಕೇಸೇ ಒಬ್ಬ ಟೀಚರ್ ತಂದ ಕೇಸು ಅನ್ನುವುದು ನನಗೆ ಯಾಕೋ ತುಂಬಾ ಇಷ್ಟ.

ಕೊಡಗಿನ ವಿಷಯಕ್ಕೆ ಬರೋಣ. ಇಲ್ಲಿ ಕಾರಣ ಹುಡುಕುವುದು ಬೇರೆ ಜಿಲ್ಲೆಗಿಂತ ಸ್ವಲ್ಪ ಕಷ್ಟ, ಯಾಕೆಂದರೆ ಮೊದಲ ತೊಡಕು ಭಾಷೆಯದ್ದೇ. ಒಂದೇ ಕ್ಲಾಸಲ್ಲಿ ಮನೆಯಲ್ಲಿ ಕೊಡವ ತಕ್ಕ್ ಮಾತಾಡುವ ಮಗು, ಅರೆಭಾಷೆ ಮಾತಾಡುವ ಮಗು, ಮಲಯಾಳಂ, ತುಳು, ತಮಿಳು, ಹಾಡಿಯಿಂದ, ಅಂದರೆ ಆದಿವಾಸಿಗಳ ವಸತಿಯಿಂದ, ಬರುವ ಎರವ, ಜೇನುಕುರುಬ ಮಕ್ಕಳು. ಈಗೀಗ ಎಸ್ಟೇಟ್ ಕೆಲಸಕ್ಕೆ ಅಸ್ಸಾಂ ಕಡೆಯಿಂದ ಬಂದವರ ಮಕ್ಕಳು ಬೇರೆ. ಲೈನ್ ಮನೆಯಿಂದ, ಅಂದರೆ ಎಸ್ಟೇಟ್ ಕೂಲಿಯವರ ಸಾಲು ಮನೆಯಿಂದ, ಬರುವ ಒಂದು ಮಗು ಜೂನ್‌ನಿಂದ ದಸರಾ ರಜೆವರೆಗೂ ಬಾಯೇ ಬಿಡುವುದಿಲ್ಲ ಅಂದುಕೊಳ್ಳಿ. ಅದಕ್ಕೆ ಕನ್ನಡ ಅರ್ಥವಾಗುತ್ತಿಲ್ಲವೋ, ಕಿವಿ ಸೋರಿ ಸೋರಿ ಸರಿಯಾಗಿ ಕೇಳಿಸುತ್ತಿಲ್ಲವೋ, ಕಲಿಕೆಯಲ್ಲೇ ತೊಂದರೆಯೋ, ಮನೆಯಲ್ಲಿ ರಾತ್ರಿ ಕುಡಿದು ಗಲಾಟೆಯಾಗಿ ನಿದ್ದೆಯಿಲ್ಲದೆ ಬಂದಿದೆಯೋ? ಹೊರಗಿನಿಂದ ನೋಡಿದರೆ ಈ ನಾಲ್ಕೂ ಒಂದೇ ಥರ ಕಾಣುತ್ತವೆ, ಆದರೆ ಮಾಡಬೇಕಾದ್ದು ನಾಲ್ಕಕ್ಕೂ ಬೇರೆ ಬೇರೆ, ಮತ್ತು ಒಂದಕ್ಕೆ ಮಾಡಬೇಕಾದ್ದನ್ನು ಇನ್ನೊಂದಕ್ಕೆ ಮಾಡಿದರೆ ಒಂದು ವರ್ಷ ಸುಮ್ನೆ ಹೋಗುತ್ತದೆ.

ತರಬೇತಿ ಇರುವವರು ಇದನ್ನು ಬಿಡಿಸುವ ರೀತಿ ಬೇರೆ. ಮೊದಲು ಕಣ್ಣು, ಕಿವಿ ತೋರಿಸಿ ಅನ್ನುತ್ತಾರೆ. ಕ್ಲಾಸಲ್ಲಿ ಹಿಂದೆ ಕೂತು ಮಗು ಯಾವಾಗ ಮಂಕಾಗುತ್ತದೆ, ಯಾವಾಗ ಚುರುಕಾಗುತ್ತದೆ ಅಂತ ನೋಡುತ್ತಾರೆ. ಆಟದ ಬಯಲಲ್ಲಿ ನೋಡುತ್ತಾರೆ. ಮನೆಯವರ ಹತ್ತಿರ ಹುಟ್ಟಿದಾಗಿನಿಂದ ಕೇಳುತ್ತಾರೆ. ಆಮೇಲೆ ಪರೀಕ್ಷೆ. ಬುದ್ಧಿ ಅಳೆಯಲು ನಮ್ಮಲ್ಲಿ ಇವತ್ತಿಗೂ ಬಳಸುವ ಬಿನೆ-ಕಾಮತ್ ಪರೀಕ್ಷೆಯ ಕಥೆ ಎಷ್ಟು ಜನರಿಗೆ ಗೊತ್ತೋ ಇಲ್ಲವೋ. ಫ್ರಾನ್ಸಿನಲ್ಲಿ ಹುಟ್ಟಿದ ಬಿನೆ ಪರೀಕ್ಷೆಯನ್ನು ವಿ.ವಿ. ಕಾಮತ್ ಅವರು 1930ರ ದಶಕದಲ್ಲಿ ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದುವ ಹಾಗೆ ಮಾಡಿದರು. ಅಷ್ಟು ಹಿಂದೆಯೇ ನಮ್ಮ ಭಾಷೆಯಲ್ಲಿ ಈ ಕೆಲಸ ಆಗಿತ್ತು ಅನ್ನುವುದು ಹೆಮ್ಮೆಯ ವಿಷಯವೇ. ಆದರೆ ಹಾಡಿಯ ಮಗುವಿಗೆ ಕನ್ನಡದ ಪ್ರಶ್ನೆ ಕೇಳಿ ಬುದ್ಧಿ ಅಳೆದರೆ ಅಳತೆ ಸಿಗುವುದು ಅದರ ಕನ್ನಡದ್ದೇ ಹೊರತು ಬುದ್ಧಿಯದ್ದಲ್ಲ. ಅದಕ್ಕೇ ಮಾತು ಬೇಡದ ಪರೀಕ್ಷೆಗಳೂ ಇವೆ. ಮರದ ಹಲಗೆಯ ಗುಳಿಗಳಲ್ಲಿ ಆಕಾರ ಕೂರಿಸುವ ಸೆಗಾನ್ ಫಾರ್ಮ್ ಬೋರ್ಡ್, ಬಣ್ಣದ ಚಿತ್ರಗಳಲ್ಲಿ ಬಿಟ್ಟುಹೋದ ತುಂಡು ಹುಡುಕುವ ರೇವನ್ ಪರೀಕ್ಷೆ. ಯಾವ ಮಗುವಿಗೆ ಯಾವುದು ಅನ್ನುವುದನ್ನು ಆರಿಸುವುದೇ ದೊಡ್ಡ ವಿದ್ಯೆ. ಇಂಟರ್ನೆಟ್ಟಿಂದ ಇಳಿಸಿಕೊಂಡ ಐಕ್ಯೂ ಟೆಸ್ಟ್ ಮಾಡಿಸಿ ಮಗುವಿಗೆ ಹಣೆಪಟ್ಟಿ ಕಟ್ಟುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಕಾನೂನು ಬೇಕಾದಷ್ಟಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಆಟಿಸಂ ಇದೆ, ಕಲಿಕಾ ನ್ಯೂನತೆಯೂ ಇದೆ. ಓದು ಬರಹ ತೊಡಕಾಗುವುದನ್ನು ಡಿಸ್ಲೆಕ್ಸಿಯಾ ಅನ್ನುತ್ತೇವಲ್ಲ, ಅದು ಈ ಗುಂಪಿನದ್ದು. ಮೂರನೇ ಕ್ಲಾಸಿಗೆ ಬರುವಾಗ ಅಥವಾ ಎಂಟು ವರ್ಷ ತುಂಬುವಾಗ, ಯಾವುದು ಮೊದಲೋ ಆಗ, ಶಾಲೆಯಲ್ಲೇ ಇದನ್ನು ಪ್ರಾಥಮಿಕವಾಗಿ ನೋಡಬೇಕು ಅಂತ ಸರ್ಕಾರದ 2018ರ ಮಾರ್ಗಸೂಚಿಯೇ ಹೇಳಿತ್ತು. ಸರ್ಟಿಫಿಕೇಟ್ ಇದ್ದರೆ ಎಸ್ಎಸ್ಎಲ್‌ಸಿ ಪರೀಕ್ಷೆಯಲ್ಲಿ ಹೆಚ್ಚು ಸಮಯ, ಬರೆದುಕೊಡಲು ಒಬ್ಬರು ಸಿಗುತ್ತಾರೆ. ನಮ್ಮಲ್ಲಿ ಆಗುವುದೇನೆಂದರೆ ಎಸ್ಎಸ್ಎಲ್‌ಸಿ ರಿಸಲ್ಟ್ ಕಡಿಮೆಯಾದೀತು ಅನ್ನುವ ಭಯಕ್ಕೆ ಹತ್ತನೇ ಕ್ಲಾಸಲ್ಲಿ ಎಲ್ಲರಿಗೂ ಇದು ನೆನಪಾಗುತ್ತದೆ. ಅಷ್ಟರಲ್ಲಿ ಆ ಹುಡುಗ ಏಳು ವರ್ಷ ದಡ್ಡ ಅನ್ನಿಸಿಕೊಂಡು, ಅದನ್ನು ತಾನೂ ನಂಬಿ, ಲಾಸ್ಟ್ ಬೆಂಚಿಗೆ ಒಗ್ಗಿಹೋಗಿರುತ್ತಾನೆ.

2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ಆಂಧ್ರದಲ್ಲಿ ಕೋಚಿಂಗಿಗೆ ಹೋಗಿದ್ದ ಒಬ್ಬ ಹುಡುಗಿಯ ಸಾವಿನ ಕೇಸು ಅದು. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಸಂಸ್ಥೆಯೂ ತರಬೇತಿ ಇರುವ ಒಬ್ಬ ಕೌನ್ಸೆಲರ್, ಮನಶ್ಶಾಸ್ತ್ರಜ್ಞ ಅಥವಾ ಸೋಶಿಯಲ್ ವರ್ಕರನ್ನು ಇಟ್ಟುಕೊಳ್ಳಬೇಕು ಅಂದಿತು. ಅದಕ್ಕಿಂತ ಸಣ್ಣ ಶಾಲೆಗಳು ಹೊರಗಿನ ತಜ್ಞರ ಜೊತೆ ಸಂಪರ್ಕ ಇಟ್ಟುಕೊಂಡರೆ ಸಾಕು. ಓದಿ ಖುಷಿಯಾಯಿತು, ಆಮೇಲೆ ನಮ್ಮ ಸುತ್ತಮುತ್ತಲಿನ ಶಾಲೆಗಳ ಹಾಜರಿ ಪುಸ್ತಕ ನೆನಪಾಯಿತು. ಕೊಡಗಿನ ಹಳ್ಳಿಯ ಎಷ್ಟು ಸರ್ಕಾರಿ ಪ್ರೈಮರಿ ಶಾಲೆಯಲ್ಲಿ ನೂರು ಮಕ್ಕಳಿದ್ದಾರೆ ಹೇಳಿ? ಸಮರ್ಥರು ಮಕ್ಕಳನ್ನು ವಿರಾಜಪೇಟೆಗೋ ಗೋಣಿಕೊಪ್ಪಕ್ಕೋ ಇಂಗ್ಲಿಷ್ ಮೀಡಿಯಂಗೆ ವ್ಯಾನಲ್ಲಿ ಕಳಿಸುತ್ತಾರೆ. ಉಳಿಯುವುದು ಲೈನ್ ಮನೆ, ಹಾಡಿ ಮಕ್ಕಳು. ಅಂದರೆ ಜಾಸ್ತಿ ಬೇಕಾದವರಿಗೇ ಕಡಿಮೆ ಸಿಗುವ ಲೆಕ್ಕ ಇದು.

ಹೊರಗಿನ ಸಂಪರ್ಕ ಇಲ್ಲವೇ ಇಲ್ಲ ಅಂತಲ್ಲ. ಮಡಿಕೇರಿಯ ಮೆಡಿಕಲ್ ಕಾಲೇಜಿನಲ್ಲಿ ಮನೋವೈದ್ಯರಿದ್ದಾರೆ. ವರ್ಷಕ್ಕೊಮ್ಮೆ ಆರ್‌ಬಿಎಸ್‌ಕೆ ಅನ್ನುವ ಮಕ್ಕಳ ಆರೋಗ್ಯ ಯೋಜನೆಯ ತಂಡ ಶಾಲೆಗೆ ಬಂದು ಮಕ್ಕಳನ್ನು ನೋಡಿ ಹೋಗುತ್ತದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆ ಸ್ನೇಹ ಕ್ಲಿನಿಕ್ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416ಕ್ಕೆ ಯಾವ ಹೊತ್ತಲ್ಲಾದರೂ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಇದನ್ನು ನಿಮ್ಮ ಶಾಲೆಯ ಗೋಡೆ ಮೇಲೆ ಮಕ್ಕಳ ಸಹಾಯವಾಣಿ 1098ರ ಪಕ್ಕದಲ್ಲಿ ಬರೆಸಿ ದಯವಿಟ್ಟು. ಆದರೆ ದೂರದ ಕುಟ್ಟದ ಒಬ್ಬ ತಾಯಿ ಮಗುವನ್ನು ಕರೆದುಕೊಂಡು ಮಡಿಕೇರಿಗೆ ಹೋಗಿ ಬರುವುದು ಅಂದರೆ ಒಂದು ದಿನದ ಕೂಲಿ, ಇಬ್ಬರ ಬಸ್ ಚಾರ್ಜು. ಕಾಫಿ ಕುಯ್ಲಿನ ಸಮಯವಾದರೆ ಮುಗಿಯಿತು, ಯಾರೂ ಹೋಗುವುದಿಲ್ಲ. ಒಂದು ಸಲ ಹೋದರೂ ಎರಡನೇ ಸಲ ಹೋಗುವುದಿಲ್ಲ, ಮತ್ತೆ ಈ ಕೆಲಸ ಒಂದೇ ಸಲಕ್ಕೆ ಆಗುವಂಥದ್ದೂ ಅಲ್ಲ.

2018ರ ಆಗಸ್ಟ್ ನೆನಪಿದೆಯಲ್ಲ. ಮಕ್ಕಂದೂರು, ಜೋಡುಪಾಲ, ಮಾದಾಪುರದ ಕಡೆ ಗುಡ್ಡಗಳೇ ಇಳಿದು ಬಂದವು. ಪರಿಹಾರ ಕೇಂದ್ರಗಳಲ್ಲಿ ಕೆಲ ಕಾಲ ಕೌನ್ಸೆಲಿಂಗ್ ಕೂಡ ನಡೆಯಿತು. ಕೇಂದ್ರ ಮುಚ್ಚಿದ ಮೇಲೆ ಮಕ್ಕಳು ಶಾಲೆಗೆ ಬಂದರು, ಸಿಲೆಬಸ್ ಉಳಿದಿದೆ ಅಂತ ಶನಿವಾರವೂ ಪಾಠ ನಡೆಯಿತು. 2019ರಲ್ಲಿ ತೋರ, 2020ರಲ್ಲಿ ತಲಕಾವೇರಿ, ಅಲ್ಲೂ ಗುಡ್ಡ ಕುಸಿಯಿತು. ಈಗಲೂ ಜುಲೈನಲ್ಲಿ ರಾತ್ರಿಯೆಲ್ಲ ಜೋರು ಮಳೆ ಹೊಡೆದು ಬೆಳಿಗ್ಗೆ ಡಿಸಿ ರಜೆ ಕೊಡದಿದ್ದರೆ ಕ್ಲಾಸಲ್ಲಿ ಹೊಟ್ಟೆನೋವು, ತಲೆನೋವು ಅನ್ನುವ ಮಕ್ಕಳು ಇರುತ್ತಾರೆ. ನಾಟಕ ಅಂತ ಗದರಿಸಿ ಕೂರಿಸುವವರೂ ಇದ್ದಾರೆ. ದೊಡ್ಡ ಅವಘಡ ಆದ ಮೇಲೆ ಮಕ್ಕಳ ಭಯ ಮಾತಾಗಿ ಬರುವುದಕ್ಕಿಂತ ಮೈಯಲ್ಲಿ ಬರುವುದೇ ಜಾಸ್ತಿ, ಅದೂ ತಿಂಗಳುಗಳಾದ ಮೇಲೆ. ಇದನ್ನು ಟೀಚರುಗಳಿಗೆ ಒಂದು ಮಧ್ಯಾಹ್ನ ಕೂರಿಸಿ ಹೇಳಿಕೊಟ್ಟರೂ ಅರ್ಧ ಕೆಲಸ ಆಗುತ್ತದೆ. ಆನೆ ಬಂದ ದಾರಿಯಲ್ಲಿ ಬೆಳಿಗ್ಗೆ ನಡೆದುಕೊಂಡು ಬರುವ ಮಕ್ಕಳ ವಿಷಯ ಬರೆದರೆ ಇನ್ನೊಂದು ಲೇಖನವೇ ಆಗುತ್ತದೆ, ಅದು ಇನ್ನೊಮ್ಮೆ.

ಹೀಗಾಗಿ ಈ ಕೆಲಸದಲ್ಲಿ ಮಗುವಿನ ಜೊತೆ ಕೂರುವುದು ಎಷ್ಟಿದೆಯೋ ದೊಡ್ಡವರ ಜೊತೆ ಕೂರುವುದೂ ಅಷ್ಟೇ ಇದೆ. ಮಗುವನ್ನು ಮುಂದಿನ ಬೆಂಚಿಗೆ ತನ್ನಿ, ಬೋರ್ಡಿನಿಂದ ಕಾಪಿ ಮಾಡಿಸುವುದು ಕಡಿಮೆ ಮಾಡಿ, ಬಾಯಲ್ಲಿ ಉತ್ತರ ಹೇಳಿಸಿ ಅಂತ ಟೀಚರಿಗೆ ಹೇಳಬೇಕು. ಹೊಡೆಯುವುದಕ್ಕೆ 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ನಿಷೇಧ ಇದೆ ಅಂತ ನೆನಪಿಸಬೇಕು. ಅಪ್ಪ ಅಮ್ಮನಿಗೆ ಹೇಳುವುದು ಇನ್ನೂ ಕಷ್ಟ. ಸೈಕಾಲಜಿಸ್ಟ್ ಅಂದ ಕೂಡಲೇ "ನನ್ನ ಮಗನಿಗೆ ತಲೆ ಸರಿ ಇಲ್ವಾ ಮೇಡಂ?" ಅಂತ ಎದ್ದು ನಿಲ್ಲುತ್ತಾರೆ. ಆ ಸಿಟ್ಟಿನ ಹಿಂದೆ ನಾಚಿಕೆ ಇದೆ, ಭಯ ಇದೆ, ಊರವರ ಬಾಯಿ ಇದೆ. ನಮ್ಮದು ಸಣ್ಣ ಜಿಲ್ಲೆ, ಒಂದು ಮದುವೆಗೆ ಹೋದರೆ ಅರ್ಧ ತಾಲೂಕು ಸಿಗುತ್ತದೆ. ಮಗು ಹೇಳಿದ್ದು ಹೊರಗೆ ಹೋಗುವುದಿಲ್ಲ ಅನ್ನುವ ನಂಬಿಕೆ ಬರದಿದ್ದರೆ ಯಾರೂ ಬಾಯಿ ಬಿಡುವುದಿಲ್ಲ. ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುತ್ತಾ ಮಗುವಿನ ಮನೆ ಕಥೆ ಹೇಳುವ ಕೌನ್ಸೆಲರ್ ಇದ್ದರೆ, ಅವರು ಇಲ್ಲದಿರುವುದೇ ವಾಸಿ. ಇದಕ್ಕೆ ಒಂದೇ ದೊಡ್ಡ ಅಪವಾದ: ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದರೆ 2012ರ ಪೋಕ್ಸೋ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಮನೆ ಮರ್ಯಾದೆ, ಶಾಲೆಯ ಹೆಸರು ಅಂತ ಮುಚ್ಚಿಡುವಂತಿಲ್ಲ.

ನನಗೆ ಅನ್ನಿಸುವುದು ಇಷ್ಟು. ಶಾಲೆಗೊಬ್ಬರು ಅನ್ನುವ ಮಾತು ಇಲ್ಲಿಗೆ ಒಗ್ಗುವುದಿಲ್ಲ. ಅಮೆರಿಕದಲ್ಲೇ ಶಾಲಾ ಮನಶ್ಶಾಸ್ತ್ರಜ್ಞರ ಸಂಘ 500 ಮಕ್ಕಳಿಗೆ ಒಬ್ಬರು ಅಂತ ಹೇಳಿಯೂ ಬಹಳ ಕಡೆ ಅದು ಆಗಿಲ್ಲ. ನಮಗೆ ಕ್ಲಸ್ಟರಿಗೆ, ಅಂದರೆ ಅಕ್ಕಪಕ್ಕದ ಹತ್ತು ಶಾಲೆಗಳ ಗುಂಪಿಗೆ, ಒಬ್ಬರು ಬರಲಿ. ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿ ಸಿಆರ್‌ಪಿ ಹೇಗೆ ಶಾಲೆಯಿಂದ ಶಾಲೆಗೆ ಸುತ್ತುತ್ತಾರೋ ಹಾಗೆ, ಇವತ್ತು ಈ ಶಾಲೆ, ನಾಳೆ ಆ ಶಾಲೆ, ಗೊತ್ತುಮಾಡಿದ ದಿನ ತಪ್ಪದೆ. ವಿಶೇಷ ಅಗತ್ಯದ ಮಕ್ಕಳಿಗೆ ತಾಲೂಕಿನ ಸಂಪನ್ಮೂಲ ಕೇಂದ್ರ ಬಿಆರ್‌ಸಿಯಲ್ಲಿ ಬಿಐಇಆರ್‌ಟಿ ಅನ್ನುವ ಟೀಚರುಗಳು ಈಗಾಗಲೇ ಇದ್ದಾರೆ, ಅವರ ಜೊತೆ ಸೇರಿ ಕೆಲಸ ಮಾಡಲಿ. ಹಾಡಿಯ ಮಕ್ಕಳ ಜೊತೆ ಮಾತಾಡಲು ಅಲ್ಲೇ ಓದಿ ಬೆಳೆದ ಒಬ್ಬ ಯುವತಿಯನ್ನೋ ಯುವಕನನ್ನೋ ಸಹಾಯಕರಾಗಿ ತಗೊಳ್ಳಲಿ. ಗೌರವಧನಕ್ಕೆ ಆರು ತಿಂಗಳು ಕಾಯಿಸುವ ಗುತ್ತಿಗೆ ಹುದ್ದೆ ಮಾತ್ರ ಬೇಡ, ಅಂಥವರು ಬಂದಷ್ಟೇ ಬೇಗ ಹೋಗುತ್ತಾರೆ, ಮಕ್ಕಳು ಒಬ್ಬರನ್ನು ನಂಬಲು ಶುರುಮಾಡುವಾಗ ಮುಖ ಬದಲಾಗುತ್ತದೆ.

ನಮ್ಮ ಶಾಲೆಯ ಮುಂದಿನ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಇದನ್ನು ಎತ್ತಬೇಕು ಅಂತಿದ್ದೇನೆ. ಕೋರ್ಟ್ ಹೇಳಿದ ಹೊರಗಿನ ಸಂಪರ್ಕ ನಮ್ಮ ಶಾಲೆಗೆ ಯಾರ ಜೊತೆ ಇದೆ, ಬರೆದು ಕೊಡಿ ಅಂತ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಓ) ಆಫೀಸಿಗೆ ಒಂದು ಪತ್ರ. ಅಕ್ಕಪಕ್ಕದ ಶಾಲೆಯವರೂ ಬರೆದರೆ ಒಳ್ಳೆಯದು. ಒಂದೇ ಶಾಲೆಯಿಂದ ಹೋದ ಪತ್ರ ಯಾವ ಫೈಲಿಗೆ ಹೋಗುತ್ತದೆ ಅಂತ ನಿಮಗೂ ಗೊತ್ತು.